ಸಪ್ಲಿಮೆಂಟ್ ಮಾತ್ರೆಯೋ, ದಿನಚರಿಯೋ? ಯಾವ ತೊಂದರೆಗೆ ಯಾವುದು ಸರಿ

ಸುಸ್ತಾದರೆ ಮಲ್ಟಿವಿಟಮಿನ್, ಕೂದಲು ಉದುರಿದರೆ ಬಯೋಟಿನ್, ಮಂಡಿ ನೋವಿಗೆ ಕ್ಯಾಲ್ಸಿಯಂ, ನಿದ್ದೆ ಬಾರದಿದ್ದರೆ ಮೆಲಟೋನಿನ್. ಒಂದೊಂದು ದೂರಿಗೂ ಒಂದೊಂದು ಡಬ್ಬಿ ಸಿಗುವ ಕಾಲ ಇದು. ಇನ್ನೊಂದು ಕಡೆ, 'ಡಬ್ಬಿಯಲ್ಲಿ ಬರೋದೆಲ್ಲ ಕೆಮಿಕಲ್ಲು, ಒಳ್ಳೆ ಊಟ, ಬಿಸಿಲು, ನಡಿಗೆ ಇದ್ದರೆ ಯಾವ ಮಾತ್ರೆಯೂ ಬೇಡ' ಎನ್ನುವವರೂ ಕಡಿಮೆಯೇನಿಲ್ಲ. ನನ್ನ ಪ್ರಕಾರ ಎರಡು ಕಡೆಯವರೂ ಒಂದೇ ಪ್ರಶ್ನೆಯನ್ನು ಕೇಳದೆ ದಾಟಿಬಿಡುತ್ತಾರೆ: ಈ ದೇಹದಲ್ಲಿ ನಿಜವಾಗಿ ಯಾವುದು ಕಡಿಮೆಯಾಗಿದೆ?

ಕೊರತೆ ಇಂಥದ್ದೇ ಎಂದು ಗೊತ್ತಿದ್ದು, ಪರೀಕ್ಷೆಯಲ್ಲೋ ಜೀವನದ ಸ್ಥಿತಿಯಲ್ಲೋ ಸ್ಪಷ್ಟವಾಗಿ ಕಾಣುತ್ತಿದ್ದರೆ ಮಾತ್ರೆಗೆ ಸಾಟಿ ಇಲ್ಲ. ಕೊರತೆಯೇ ಇಲ್ಲದೆ 'ಆರೋಗ್ಯ ಚೆನ್ನಾಗಿರಲಿ' ಎಂಬ ಆಸೆ ಮಾತ್ರ ಇದ್ದರೆ, ಅಲ್ಲಿ ಗೆಲ್ಲುವುದು ದಿನಚರಿ. ಈ ಗೆರೆ ಎಲ್ಲಿ ಬೀಳುತ್ತದೆ ಎಂಬುದನ್ನು ಒಂದೊಂದಾಗಿ ನೋಡೋಣ.

ಮಾತ್ರೆಯ ಮೇಲೆ ಇಷ್ಟು ನಂಬಿಕೆ ಬಂದದ್ದು ಹೇಗೆ

ಜೀವಸತ್ವಗಳ ಕಥೆ ಶುರುವಾಗಿದ್ದೇ ಕೊರತೆಯ ಕಾಯಿಲೆಗಳಿಂದ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ ಸ್ಕರ್ವಿ (ವಿಟಮಿನ್ ಸಿ ಕೊರತೆಯ ಕಾಯಿಲೆ) ಹತ್ತಿದ 12 ನಾವಿಕರನ್ನು ಇಬ್ಬಿಬ್ಬರಂತೆ ವಿಂಗಡಿಸಿ ಬೇರೆ ಬೇರೆ ಉಪಚಾರ ಕೊಟ್ಟ. ಕಿತ್ತಳೆ, ನಿಂಬೆ ಸಿಕ್ಕಿದ ಇಬ್ಬರು ಕೆಲವೇ ದಿನಗಳಲ್ಲಿ ಚೇತರಿಸಿಕೊಂಡರು. ಆಮೇಲೆ 20ನೇ ಶತಮಾನದ ಮೊದಲರ್ಧದಲ್ಲಿ ಒಂದೊಂದೇ ಜೀವಸತ್ವ ಪತ್ತೆಯಾಗುತ್ತಾ ಹೋಯಿತು. ಬೆರಿಬೆರಿ, ಪೆಲಾಗ್ರ, ರಿಕೆಟ್ಸ್‌ನಂಥ ಕಾಯಿಲೆಗಳು ಚಿಟಿಕೆಯಷ್ಟು ಪದಾರ್ಥಕ್ಕೆ ಮಣಿದವು. ಅಂಥ ಗೆಲುವು ಕಂಡ ಮೇಲೆ, ಕಡಿಮೆಯಾದರೆ ಕೆಡುಕು, ಹಾಗಾದರೆ ಜಾಸ್ತಿಯಾದರೆ ಇನ್ನಷ್ಟು ಒಳಿತು ಎಂದುಕೊಳ್ಳುವುದು ಸಹಜವೇ.

ಆ ಊಹೆಯನ್ನು ಪರೀಕ್ಷೆಗೆ ಹಚ್ಚಿದಾಗ ಅದು ನಿಲ್ಲಲಿಲ್ಲ. ಹಣ್ಣು ತರಕಾರಿ ಹೆಚ್ಚು ತಿನ್ನುವವರ ರಕ್ತದಲ್ಲಿ ಬೀಟಾ ಕ್ಯಾರೊಟಿನ್ (ದೇಹ ವಿಟಮಿನ್ ಎ ಆಗಿ ಮಾರ್ಪಡಿಸಿಕೊಳ್ಳುವ ಅಂಶ) ಹೆಚ್ಚು, ಅವರಲ್ಲಿ ಕ್ಯಾನ್ಸರ್ ಕಡಿಮೆ ಎಂದು ಕಂಡುಬಂದಿತ್ತು. ಸರಿ, ಬೀಟಾ ಕ್ಯಾರೊಟಿನ್ನನ್ನೇ ಮಾತ್ರೆ ಮಾಡಿ ಕೊಟ್ಟು ನೋಡೋಣ ಎಂದು ಫಿನ್ಲೆಂಡಿನಲ್ಲಿ 29,133 ಗಂಡಸರ ಮೇಲೆ, ಎಲ್ಲರೂ ಸಿಗರೇಟು ಸೇದುವವರು, ಪ್ರಯೋಗ ನಡೆಯಿತು. 1994ರಲ್ಲಿ ಫಲಿತಾಂಶ ಬಂದಾಗ, ಮಾತ್ರೆ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ಅಮೆರಿಕದ ಇನ್ನೊಂದು ದೊಡ್ಡ ಪ್ರಯೋಗ ಇದೇ ಕಾರಣಕ್ಕೆ 1996ರಲ್ಲಿ ಅರ್ಧಕ್ಕೇ ನಿಂತಿತು. ಅಲ್ಲಿ ಹೆಚ್ಚಳ ಶೇ. 28. ವಿಟಮಿನ್ ಇ ಪ್ರಾಸ್ಟೇಟ್ ಕ್ಯಾನ್ಸರನ್ನು ತಡೆಯಬಹುದೆಂದು 35,000ಕ್ಕೂ ಹೆಚ್ಚು ಗಂಡಸರ ಮೇಲೆ ಪ್ರಯೋಗ ಮಾಡಿ ನೋಡಿದರೆ, 2011ರ ಲೆಕ್ಕದಲ್ಲಿ ಅದನ್ನು ನುಂಗಿದವರಲ್ಲಿ ಆ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚಾಗಿತ್ತು.

ಹಣ್ಣು ತರಕಾರಿಯಲ್ಲಿ ನಾರು, ನೀರು, ನೂರಾರು ಬಗೆಯ ಸಂಯುಕ್ತಗಳು ಒಟ್ಟಿಗೆ ಇರುತ್ತವೆ. ಜೊತೆಗೆ, ಅದನ್ನು ತಿನ್ನುವವನು ಆ ಹೊತ್ತಿಗೆ ಬೇರೆ ಏನನ್ನೋ ತಿನ್ನುತ್ತಿಲ್ಲ ಎಂಬುದೂ ಲಾಭವೇ. ಅದರಿಂದ ಒಂದನ್ನು ಮಾತ್ರ ಕಿತ್ತು, ಊಟದಲ್ಲಿ ಎಂದೂ ಸಿಗದಷ್ಟು ಪ್ರಮಾಣದಲ್ಲಿ ಕೊಟ್ಟರೆ ಅದು ಬೇರೆಯೇ ವಸ್ತುವಾಗಿ ವರ್ತಿಸಬಹುದು.

ಹಾಗಂತ ದಿನಾ ಒಂದು ಮಲ್ಟಿವಿಟಮಿನ್ ನುಂಗುವವರು ಗಾಬರಿಯಾಗಬೇಕಿಲ್ಲ. ಮಾಮೂಲಿ ಪ್ರಮಾಣದ ಮಲ್ಟಿವಿಟಮಿನ್ನಿಂದ ಹಾನಿ ಅಪರೂಪ. ಲಾಭವೂ ಹೇಳಿಕೊಳ್ಳುವಷ್ಟಿಲ್ಲ. ಹೃದಯದ ಕಾಯಿಲೆ, ಕ್ಯಾನ್ಸರ್ ತಡೆಯಲು ಅದನ್ನು ತೆಗೆದುಕೊಳ್ಳಿ ಎನ್ನುವುದಕ್ಕೂ ಬೇಡ ಎನ್ನುವುದಕ್ಕೂ ಸಾಕಷ್ಟು ಪುರಾವೆ ಇಲ್ಲವೆಂದು ಅಮೆರಿಕದ ರೋಗತಡೆ ಕಾರ್ಯಪಡೆ 2022ರಲ್ಲಿ ಹೇಳಿತು. ಬೀಟಾ ಕ್ಯಾರೊಟಿನ್ ಮತ್ತು ವಿಟಮಿನ್ ಇ ಬಗ್ಗೆ ಮಾತ್ರ ಅದೇ ವರದಿ ಸ್ಪಷ್ಟವಾಗಿ ಬೇಡವೆಂದಿತು.

ದಿನಚರಿ ಎಷ್ಟೇ ಚೆನ್ನಾಗಿದ್ದರೂ ಮಾತ್ರೆಯೇ ಬೇಕಾಗುವ ಜಾಗಗಳು

ಮೊದಲನೆಯದು ಗರ್ಭಿಣಿಯಾಗಲು ಯೋಚಿಸುತ್ತಿರುವವರಿಗೆ ಫೋಲಿಕ್ ಆಸಿಡ್. ಇದರಲ್ಲಿ ಚರ್ಚೆಯೇ ಇಲ್ಲ. ಮಗುವಿನ ಬೆನ್ನುಹುರಿಯಾಗಬೇಕಾದ ಕೊಳವೆ ಗರ್ಭ ನಿಂತ ಸುಮಾರು 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಅಷ್ಟು ಹೊತ್ತಿಗೆ ಎಷ್ಟೋ ತಾಯಂದಿರಿಗೆ ತಾವು ಗರ್ಭಿಣಿ ಎಂಬುದೇ ಗೊತ್ತಿರುವುದಿಲ್ಲ. ಅದಕ್ಕೇ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡನ್ನು ಗರ್ಭ ಧರಿಸುವ ಮೊದಲೇ ಶುರು ಮಾಡಿ ಎನ್ನುವುದು. ಹಿಂದೆ ಈ ಕೊಳವೆ ಸರಿಯಾಗಿ ಮುಚ್ಚದ ದೋಷವಿದ್ದ ಮಗುವನ್ನು ಹೆತ್ತ ತಾಯಂದಿರಲ್ಲಿ, ಇನ್ನೂ ಹೆಚ್ಚಿನ ಪ್ರಮಾಣದ ಫೋಲಿಕ್ ಆಸಿಡ್ ಅದು ಮರುಕಳಿಸುವುದನ್ನು ಶೇ. 72ರಷ್ಟು ತಗ್ಗಿಸಿತೆಂದು 1991ರ ಬ್ರಿಟಿಷ್ ಪ್ರಯೋಗ ತೋರಿಸಿತು. ಸೊಪ್ಪಿನಲ್ಲಿ ಇದರದೇ ಸಹಜ ರೂಪವಾದ ಫೋಲೇಟ್ ಇದೆಯಲ್ಲ ಎಂದರೆ, ಇದೆ. ಆದರೆ ಅದನ್ನು ದೇಹ ಮಾತ್ರೆಯ ಫೋಲಿಕ್ ಆಸಿಡ್‌ನಷ್ಟು ಚೆನ್ನಾಗಿ ಹೀರಿಕೊಳ್ಳುವುದಿಲ್ಲ, ಬೇಯಿಸಿದಾಗ ಒಂದಷ್ಟು ಹಾಳೂ ಆಗುತ್ತದೆ.

ಎರಡನೆಯದು ಬಿ12. ಇದು ಸಹಜವಾಗಿ ಸಿಗುವುದು ಮಾಂಸ, ಮೀನು, ಮೊಟ್ಟೆ, ಹಾಲಿನಂಥ ಪ್ರಾಣಿಮೂಲದ ಆಹಾರದಲ್ಲಿ ಮಾತ್ರ. ಹಾಲನ್ನೂ ಬಿಟ್ಟ ಸಂಪೂರ್ಣ ಸಸ್ಯಾಹಾರಿಗೆ ಎಷ್ಟೇ ಸೊಪ್ಪು, ಎಷ್ಟೇ ಬಿಸಿಲು, ಎಷ್ಟೇ ಯೋಗ ಇದ್ದರೂ ಇದು ದಕ್ಕುವುದಿಲ್ಲ. ಯಕೃತ್ತಿನಲ್ಲಿ ವರ್ಷಗಟ್ಟಲೆ ಸಾಲುವ ದಾಸ್ತಾನು ಇರುವುದರಿಂದ ಕೊರತೆ ಮೆಲ್ಲಗೆ, ಸದ್ದಿಲ್ಲದೆ ಬರುತ್ತದೆ: ಅಂಗಾಲಿನಲ್ಲಿ ಜುಮುಜುಮು, ನಡಿಗೆಯಲ್ಲಿ ತೂರಾಟ, ಮರೆವು. ವಯಸ್ಸಾದವರು, ಸಕ್ಕರೆ ಕಾಯಿಲೆಗೆ ಬಹುಕಾಲ ಮೆಟ್‌ಫಾರ್ಮಿನ್ ನುಂಗುತ್ತಿರುವವರು, ಜಠರದ ಶಸ್ತ್ರಚಿಕಿತ್ಸೆ ಆದವರು ಮಾಂಸಾಹಾರಿಗಳಾದರೂ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಇಲ್ಲೊಂದು ಎಚ್ಚರಿಕೆ ಇದೆ. ಬಿ12 ಕಡಿಮೆ ಇರುವವರು ಫೋಲಿಕ್ ಆಸಿಡ್ ಮಾತ್ರ ನುಂಗಿದರೆ ರಕ್ತಹೀನತೆ ಸರಿಹೋದಂತೆ ಕಾಣುತ್ತದೆ, ನರದ ಹಾನಿ ಒಳಗೊಳಗೇ ಮುಂದುವರಿಯುತ್ತದೆ.

ಮೂರನೆಯದು ಕಬ್ಬಿಣಾಂಶ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಎರಡು ದಿಕ್ಕಿನ ತಪ್ಪೂ ಇಲ್ಲಿಯೇ ಹೆಚ್ಚು. ಹಿಮೋಗ್ಲೋಬಿನ್ ಚೆನ್ನಾಗಿ ಇಳಿದಿರುವವರಿಗೆ 'ಸೊಪ್ಪು, ಖರ್ಜೂರ ತಿನ್ನಿ, ಸರಿಹೋಗುತ್ತೆ' ಎನ್ನುವುದು ಒಳ್ಳೆಯ ಮನಸ್ಸಿನ ಸಲಹೆಯೇ ಹೊರತು ಒಳ್ಳೆಯ ಸಲಹೆಯಲ್ಲ. ಸಸ್ಯಮೂಲದ ಕಬ್ಬಿಣದಲ್ಲಿ ಸ್ವಲ್ಪ ಭಾಗವಷ್ಟೇ ಹೀರಿಕೆಯಾಗುವುದರಿಂದ, ಬರಿದಾದ ಉಗ್ರಾಣವನ್ನು ಊಟ ಒಂದರಿಂದಲೇ ತುಂಬಿಸುವುದು ಬಹಳ ನಿಧಾನದ ಕೆಲಸ. ಮಾತ್ರೆ ಬೇಕು, ಹಿಮೋಗ್ಲೋಬಿನ್ ಸರಿಯಾದ ಮೇಲೂ ಫೆರಿಟಿನ್ (ದೇಹದ ಕಬ್ಬಿಣದ ದಾಸ್ತಾನು) ತುಂಬಲು ಸಾಮಾನ್ಯವಾಗಿ ಇನ್ನೂ ಸುಮಾರು ಮೂರು ತಿಂಗಳು ಮುಂದುವರಿಸಬೇಕು. ಕಾಫಿ, ಟೀ ಜೊತೆಗೆ ನುಂಗಿದರೆ ಅರ್ಧಕ್ಕರ್ಧ ವ್ಯರ್ಥ. ಹೊಟ್ಟೆ ಕೆಟ್ಟು ಮಾತ್ರೆ ಬಿಡುವವರೇ ಜಾಸ್ತಿ. ಅಂಥವರು ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದೇ ಎಂದು ವೈದ್ಯರನ್ನು ಕೇಳಬೇಕು. ಒಮ್ಮೆ ಮಾತ್ರೆ ನುಂಗಿದ ಮೇಲೆ ಹೆಪ್ಸಿಡಿನ್ ಎಂಬ ಹಾರ್ಮೋನು ಏರಿ ಸುಮಾರು ಒಂದು ದಿನ ಕರುಳಿನ ಬಾಗಿಲನ್ನು ಅರೆಮುಚ್ಚುತ್ತದೆ. ದಿನ ಬಿಟ್ಟು ಕೊಟ್ಟಾಗ ಪ್ರತಿ ಮಾತ್ರೆಯಿಂದ ಹೀರಿಕೆ ಹೆಚ್ಚುತ್ತದೆಂದು 2017ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ.

ಇನ್ನೊಂದು ದಿಕ್ಕಿನ ತಪ್ಪು, ಪರೀಕ್ಷೆಯೇ ಇಲ್ಲದೆ ಸುಸ್ತಿಗೆಂದು ಕಬ್ಬಿಣ ನುಂಗುವುದು. ದೇಹಕ್ಕೆ ಹೆಚ್ಚುವರಿ ಕಬ್ಬಿಣವನ್ನು ಹೊರಹಾಕುವ ವ್ಯವಸ್ಥೆ ಇಲ್ಲ, ಅದು ಯಕೃತ್ತು, ಹೃದಯದಲ್ಲಿ ಕೂರುತ್ತದೆ. ಗಂಡಸರಲ್ಲಿ ಮತ್ತು ಮುಟ್ಟು ನಿಂತ ಹೆಂಗಸರಲ್ಲಿ ಕಬ್ಬಿಣ ಕಡಿಮೆ ಇದೆಯೆಂದು ಗೊತ್ತಾದರೆ, ಮಾತ್ರೆಗಿಂತ ಮೊದಲು ಹೊಟ್ಟೆ ಕರುಳಿನಲ್ಲಿ ಎಲ್ಲಾದರೂ ರಕ್ತ ಸೋರುತ್ತಿದೆಯೇ ಎಂದು ಹುಡುಕಬೇಕು. ಕಾರಣ ಹುಡುಕದೆ ಮಾತ್ರೆ ನುಂಗಿದರೆ ಸುಸ್ತು ಹೋಗಿ ಕಾಯಿಲೆ ಉಳಿಯುತ್ತದೆ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ಈ ಡಬ್ಬಿ ಅವರ ಕೈಗೆ ಎಟುಕಲೇಬಾರದು. ಮಿಠಾಯಿಯಂತೆ ಕಾಣುವ ಈ ಮಾತ್ರೆಗಳಿಂದ ಮಕ್ಕಳು ಪ್ರಾಣ ಕಳೆದುಕೊಂಡದ್ದುಂಟು.

ದಿನಚರಿ ಗೆಲ್ಲುವ ಜಾಗಗಳು

ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿ ನಿಂತವರಿಗೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ: 3,234 ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ತೂಕವನ್ನು ಶೇ. 7ರಷ್ಟು ಇಳಿಸಿ ವಾರಕ್ಕೆ 150 ನಿಮಿಷ ಮೈ ಬೆವರಿಸಬೇಕೆಂಬ ಗುರಿ ಹೊತ್ತವರಲ್ಲಿ ಮಧುಮೇಹಕ್ಕೆ ಜಾರುವ ಸಾಧ್ಯತೆ ಶೇ. 58ರಷ್ಟು ಕಡಿಮೆಯಾಯಿತು. ಮೆಟ್‌ಫಾರ್ಮಿನ್ ನುಂಗಿದವರಲ್ಲಿ ಇಳಿದದ್ದು ಶೇ. 31. ಅಂದರೆ ಇಲ್ಲಿ ದಿನಚರಿ ಸೋಲಿಸಿದ್ದು ಸಪ್ಲಿಮೆಂಟನ್ನಲ್ಲ, ನಿಜವಾದ ಔಷಧಿಯನ್ನೇ.

ಆದರೆ ಈ ಸುದ್ದಿ ಹೇಳುವವರು ಸಾಮಾನ್ಯವಾಗಿ ಬಿಟ್ಟುಬಿಡುವ ಒಂದು ವಿವರವಿದೆ. ಆ ಜನರಿಗೆ 'ನಡೀರಿ, ಕಡಿಮೆ ತಿನ್ನಿ' ಎಂದು ಹೇಳಿ ಕಳಿಸಿರಲಿಲ್ಲ. ಒಬ್ಬೊಬ್ಬರಿಗೂ ಒಬ್ಬ ಮಾರ್ಗದರ್ಶಕ ಇದ್ದ, ಮೊದಲ 24 ವಾರಗಳಲ್ಲಿ 16 ಪಾಠಗಳಿದ್ದವು, ತೂಕ ನೋಡಿ ಬರೆದಿಡಬೇಕಿತ್ತು. ಔಷಧಿ ಚೀಟಿಯಷ್ಟೇ ಕಟ್ಟುನಿಟ್ಟಾಗಿ ದಿನಚರಿ ಬರೆದುಕೊಟ್ಟಿದ್ದರಿಂದ ಅದು ಔಷಧಿಯಂತೆ ಕೆಲಸ ಮಾಡಿತು. 'ನಾನು ಸಹಜ ಜೀವನಶೈಲಿ ಅನುಸರಿಸ್ತೀನಿ' ಎನ್ನುವವರು ವಾರದಲ್ಲಿ ಎಷ್ಟು ನಿಮಿಷ ನಡೆದೆವೆಂದು ಹೇಳಲಾರದಿದ್ದರೆ, ಅವರ ದಿನಚರಿಗೂ ಬಳಸದೆ ಇಟ್ಟ ವಿಟಮಿನ್ ಡಬ್ಬಿಗೂ ಹೆಚ್ಚು ವ್ಯತ್ಯಾಸ ಇಲ್ಲ.

ಬಿಪಿಯ ಕಥೆಯೂ ಹೀಗೆಯೇ. ಹಣ್ಣು, ತರಕಾರಿ, ಕಡಿಮೆ ಕೊಬ್ಬಿನ ಹಾಲಿನ ಪದಾರ್ಥ, ಕಾಳು, ಇಡಿಧಾನ್ಯಗಳ ಊಟವನ್ನು ಎಂಟು ವಾರ ಕೊಟ್ಟು ನೋಡಿದ 1997ರ ಡ್ಯಾಶ್ ಪ್ರಯೋಗದಲ್ಲಿ, ಬಿಪಿ ಇದ್ದವರ ಮೇಲಿನ ಸಂಖ್ಯೆ ಮಾಮೂಲಿ ಊಟದವರಿಗಿಂತ ಸರಾಸರಿ 11ರಷ್ಟು ಹೆಚ್ಚು ಇಳಿಯಿತು. ಉಪ್ಪು ತಗ್ಗಿಸದೆಯೇ ಬಂದ ಇಳಿಕೆ ಇದು. ದಿನಕ್ಕೆ ಒಟ್ಟು ಉಪ್ಪು 5 ಗ್ರಾಂಗಿಂತ ಕಡಿಮೆ, ಅಂದರೆ ಸುಮಾರು ಒಂದು ಟೀ ಚಮಚದೊಳಗೆ ಇರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಈ ಕೆಲಸವನ್ನು ಇಷ್ಟರ ಮಟ್ಟಿಗೆ ಮಾಡುವ ಸಪ್ಲಿಮೆಂಟು ನನಗೆ ಕಂಡಿಲ್ಲ. ಈಗಾಗಲೇ ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿರುವವರು ಮಾತ್ರ ಅದನ್ನು ತಾವಾಗಿಯೇ ನಿಲ್ಲಿಸಬಾರದು.

ನಿದ್ದೆಯ ವಿಷಯದಲ್ಲಿ ಜನ ಮೆಲಟೋನಿನ್ ಕಡೆ ಓಡುತ್ತಾರೆ. ಸಮಯವಲಯ ದಾಟಿ ವಿಮಾನದಲ್ಲಿ ಹೋದಾಗಿನ ಗಲಿಬಿಲಿಗೆ ಅದು ಉಪಯುಕ್ತ. ತಿಂಗಳುಗಟ್ಟಲೆಯ ನಿದ್ರಾಹೀನತೆಗೆ ಅಮೆರಿಕದ ವೈದ್ಯರ ಸಂಘವೊಂದು (ಅಮೆರಿಕನ್ ಕಾಲೇಜ್ ಆಫ್ ಫಿಜಿಶಿಯನ್ಸ್) 2016ರಿಂದ ಮೊದಲ ಚಿಕಿತ್ಸೆ ಎಂದು ಹೇಳುತ್ತಿರುವುದು ಮಾತ್ರೆಯನ್ನಲ್ಲ, ನಿದ್ದೆಯ ಅಭ್ಯಾಸ ತಿದ್ದುವ ವರ್ತನಾ ಚಿಕಿತ್ಸೆಯನ್ನು. ಅದರ ತಿರುಳು ಸುಲಭ, ಮಾಡುವುದು ಕಷ್ಟ: ರಾತ್ರಿ ಹೇಗೇ ಕಳೆದಿರಲಿ, ಬೆಳಗ್ಗೆ ಒಂದೇ ಹೊತ್ತಿಗೆ ಏಳಬೇಕು. ಹಾಸಿಗೆಯಲ್ಲಿ ನಿದ್ದೆ ಬಾರದೆ ಒದ್ದಾಡುತ್ತಿದ್ದರೆ ಎದ್ದು ಹೋಗಿ, ತೂಕಡಿಕೆ ಬಂದ ಮೇಲೆ ಮರಳಬೇಕು. ಹಗಲು ಮಲಗಿ ಸಾಲ ತೀರಿಸಬಾರದು. ಮೊದಲ ಒಂದೆರಡು ವಾರ ಇನ್ನೂ ಸುಸ್ತಾಗಬಹುದು ಎಂಬುದನ್ನು ಮೊದಲೇ ತಿಳಿದಿದ್ದರೆ ಅರ್ಧದಲ್ಲಿ ಕೈಬಿಡುವುದು ತಪ್ಪುತ್ತದೆ.

ಮೂಳೆ, ಸ್ನಾಯುವಿನ ಬಲಕ್ಕೆ ಭಾರ ಎತ್ತುವುದು, ಎಳೆಯುವುದು, ಮೆಟ್ಟಿಲು ಹತ್ತುವುದು ಬೇಕೇ ಬೇಕು. ವಾರಕ್ಕೆ ಎರಡು ದಿನವಾದರೂ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಇರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದನ್ನು ನಡಿಗೆಯವರು ಅಷ್ಟಾಗಿ ಕಿವಿಗೆ ಹಾಕಿಕೊಳ್ಳುವುದಿಲ್ಲ.

ನಡುವಿನ ಗೊಂದಲದ ಸರಕುಗಳು

ವಿಟಮಿನ್ ಡಿ. ಬಿಸಿಲಿಗೆ ಮೈಯೊಡ್ಡಿದರೆ ಚರ್ಮವೇ ತಯಾರಿಸಿಕೊಳ್ಳುತ್ತದೆ, ನಿಜ. ಆದರೆ ಕಿಟಕಿಯ ಗಾಜಿನೊಳಗಿಂದ ಬರುವ ಬಿಸಿಲಿನಿಂದ ಅಲ್ಲ. ಬೇಕಾದ ಯುವಿಬಿ ಕಿರಣವನ್ನು ಗಾಜು ತಡೆಯುತ್ತದೆ. ಚರ್ಮದ ಬಣ್ಣ ಗಾಢವಾದಷ್ಟೂ, ವಯಸ್ಸಾದಷ್ಟೂ ಹೆಚ್ಚು ಹೊತ್ತು ಬೇಕು. ಧ್ರುವಗಳ ಕಡೆಗಿನ ನಾಡುಗಳಲ್ಲಿ ಚಳಿಗಾಲವಿಡೀ ಆ ಕಿರಣ ಸಾಲುವಷ್ಟು ಬರುವುದೇ ಇಲ್ಲ. ಹೀಗಾಗಿ ಮನೆಯೊಳಗೇ ಇರುವ ವೃದ್ಧರಿಗೆ, ಮೈಯೆಲ್ಲ ಮುಚ್ಚುವ ಉಡುಪಿನವರಿಗೆ, ಕೊರತೆ ಪತ್ತೆಯಾದವರಿಗೆ ಮಾತ್ರೆ ಸರಿ. ಕೊರತೆ ಇದೆಯೋ ಇಲ್ಲವೋ ನೋಡದೆ ಸುಮಾರು 26,000 ಜನರಲ್ಲಿ ಅರ್ಧದಷ್ಟು ಮಂದಿಗೆ ದಿನಾ 2,000 ಐಯು (ಅಂತರರಾಷ್ಟ್ರೀಯ ಯೂನಿಟ್ ಎಂಬ ಅಳತೆ) ಕೊಟ್ಟು ಐದು ವರ್ಷ ಗಮನಿಸಿದ ವೈಟಲ್ ಪ್ರಯೋಗದಲ್ಲಿ ಕ್ಯಾನ್ಸರ್ ಆಗಲಿ, ಹೃದಯಾಘಾತವಾಗಲಿ, ಮೂಳೆ ಮುರಿತವಾಗಲಿ ಕಡಿಮೆಯಾಗಲಿಲ್ಲ. ವಾರಕ್ಕೊಮ್ಮೆ ನುಂಗಬೇಕಾದ ಭಾರೀ ಪ್ರಮಾಣದ ಡಿ ಮಾತ್ರೆಯನ್ನು ದಿನಾ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿಯಿಂದ ಹಿಡಿದು ಕಿಡ್ನಿ ಕೆಡುವವರೆಗೆ ಹೋಗಬಹುದು.

ವಿಟಮಿನ್ ಸಿ ದಿನಾ ನುಂಗುತ್ತಿದ್ದರೆ ನೆಗಡಿ ಬರುವುದು ತಪ್ಪುವುದಿಲ್ಲ. ಬಂದ ನೆಗಡಿ ದೊಡ್ಡವರಲ್ಲಿ ಶೇ. 8ರಷ್ಟು ಬೇಗ ಹೋಗುತ್ತದೆ. ವಾರದ ನೆಗಡಿಯಲ್ಲಿ ಅರ್ಧ ದಿನದ ಉಳಿತಾಯಕ್ಕೆ ವರ್ಷವಿಡೀ ಮಾತ್ರೆ. ಲೆಕ್ಕ ನಿಮಗೇ ಬಿಟ್ಟದ್ದು.

ಪ್ರೋಟೀನ್ ಪುಡಿ ನನ್ನ ಮಟ್ಟಿಗೆ ಸಪ್ಲಿಮೆಂಟೇ ಅಲ್ಲ, ಊಟದ ಒಂದು ರೂಪ. ಊಟದಲ್ಲಿ ಸಾಲುತ್ತಿದ್ದರೆ ಬೇಡ, ಸಾಲದಿದ್ದರೆ ತಪ್ಪಿಲ್ಲ. ಕಿಡ್ನಿ ತೊಂದರೆ ಇರುವವರು ಮಾತ್ರ ಕೇಳಿಯೇ ತೆಗೆದುಕೊಳ್ಳಬೇಕು. ಇಸಬ್ಗೋಲ್ ಹೊಟ್ಟು ಮಲಬದ್ಧತೆಗೆ ನಿಜಕ್ಕೂ ಕೆಲಸ ಮಾಡುತ್ತದೆ, ಧಾರಾಳ ನೀರು ಕುಡಿದರೆ. ಕಣ್ಣಿನ ಮ್ಯಾಕ್ಯುಲಾದ (ಅಕ್ಷಿಪಟಲದ ನಡುಭಾಗ) ಸವೆತ ಮಧ್ಯಮ ಹಂತದಲ್ಲಿರುವವರಿಗೆ ಅದಕ್ಕೆಂದೇ ರೂಪಿಸಿದ ಎಆರ್‌ಇಡಿಎಸ್2 ಮಿಶ್ರಣವನ್ನು ಕಣ್ಣಿನ ವೈದ್ಯರೇ ಬರೆಯುತ್ತಾರೆ. ಕಣ್ಣು ಚೆನ್ನಾಗಿರುವವರು ಅದನ್ನು ಮುನ್ನೆಚ್ಚರಿಕೆಗೆಂದು ನುಂಗಿ ಪ್ರಯೋಜನವಿಲ್ಲ.

ಗಿಡಮೂಲಿಕೆ ಮಾತ್ರೆ ಯಾವ ಕಡೆಗೆ ಸೇರಿದ್ದು

ಎಷ್ಟೋ ಜನ ಗಿಡಮೂಲಿಕೆಯ ಸಾರದ ಮಾತ್ರೆಯನ್ನು ಸಹಜ ಜೀವನಶೈಲಿಯ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆ. ನಾನು ಅದನ್ನು ಸಪ್ಲಿಮೆಂಟಿನ ಕಡೆಗೇ ಹಾಕುತ್ತೇನೆ. ಒಂದು ಲೋಟ ಹಸಿರು ಚಹಾ ಬೇರೆ, ಅದರ ಸಾರವನ್ನು ಭಟ್ಟಿ ಇಳಿಸಿ ತುಂಬಿದ ಕ್ಯಾಪ್ಸೂಲ್ ಬೇರೆ. ಹಸಿರು ಚಹಾದ ಇಜಿಸಿಜಿ ಎಂಬ ಅಂಶ ಸಪ್ಲಿಮೆಂಟ್ ರೂಪದಲ್ಲಿ ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಅಥವಾ ದಾಟಿದರೆ ಯಕೃತ್ತಿಗೆ ಹಾನಿಯ ಸೂಚನೆಗಳು ಕಾಣುತ್ತವೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿತು. ಅರಿಶಿನದ ಸಾಂದ್ರ ಮಾತ್ರೆ, ಅದರಲ್ಲೂ ಹೀರಿಕೆ ಹೆಚ್ಚಲೆಂದು ಕಾಳುಮೆಣಸಿನ ಸಾರ ಬೆರೆಸಿದ್ದು, ಅಶ್ವಗಂಧದ ಮಾತ್ರೆ, ಇವುಗಳಿಂದಲೂ ಯಕೃತ್ತು ಊದಿಕೊಂಡ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಕಣ್ಣು ಹಳದಿಯಾಗಿ, ಮೂತ್ರ ಗಾಢವಾದರೆ ಮಾತ್ರೆ ನಿಲ್ಲಿಸಿ, ಡಬ್ಬಿ ಹಿಡಿದುಕೊಂಡೇ ವೈದ್ಯರ ಬಳಿ ಹೋಗಬೇಕು.

ಡಬ್ಬಿಯ ಹಿಂಬದಿ ಓದುವುದು ಹೇಗೆ

ತೆಗೆದುಕೊಳ್ಳಲೇಬೇಕೆಂದು ತೀರ್ಮಾನವಾದರೆ ಡಬ್ಬಿ ತಿರುಗಿಸಿ. ಎದುರಿನ ದಪ್ಪಕ್ಷರ ಜಾಹೀರಾತು, ಹಿಂದಿನ ಸಣ್ಣಕ್ಷರ ಮಾಹಿತಿ. ಫೆರಸ್ ಸಲ್ಫೇಟ್ 325 ಮಿಲಿಗ್ರಾಂ ಎಂದಿದ್ದರೆ ಅದರಲ್ಲಿರುವ ನಿಜವಾದ ಕಬ್ಬಿಣ 65 ಮಿಲಿಗ್ರಾಂ. ಕ್ಯಾಲ್ಸಿಯಂ ಕಾರ್ಬೊನೇಟ್ 1,250 ಮಿಲಿಗ್ರಾಂ ಎಂದರೆ ಕ್ಯಾಲ್ಸಿಯಂ 500 ಮಾತ್ರ, ಅದನ್ನು ಊಟದ ಜೊತೆಗೆ ತೆಗೆದುಕೊಳ್ಳಬೇಕು. ಸಿಟ್ರೇಟ್ ಆದರೆ ಖಾಲಿ ಹೊಟ್ಟೆಯೂ ನಡೆಯುತ್ತದೆ. ವಿಟಮಿನ್ ಡಿಯಲ್ಲಿ 40 ಐಯು ಎಂದರೆ 1 ಮೈಕ್ರೋಗ್ರಾಂ. ಪ್ರಮಾಣ ಬರೆದಿರುವುದು ಒಂದು ಮಾತ್ರೆಗೋ ಎರಡಕ್ಕೋ ನೋಡಿ. ಹತ್ತು ಮೂಲಿಕೆಗಳ ಹೆಸರು ಹಾಕಿ ಒಟ್ಟು ತೂಕ ಒಂದನ್ನೇ ಬರೆದಿದ್ದರೆ, ಯಾವುದು ಎಷ್ಟಿದೆ ಎಂದು ತಿಳಿಯುವ ದಾರಿಯೇ ಇಲ್ಲ. ಅಂಥದ್ದನ್ನು ಕೆಳಗಿಡಿ.

ಬರೆದದ್ದೇ ಒಳಗಿದೆಯೇ ಎಂಬುದು ಇನ್ನೊಂದು ತಲೆನೋವು. ಅಮೆರಿಕದಲ್ಲಿ 1994ರ ಕಾಯ್ದೆಯ ಪ್ರಕಾರ ಸಪ್ಲಿಮೆಂಟುಗಳು ಮಾರಾಟಕ್ಕೆ ಮುಂಚೆ ಸರ್ಕಾರದ ಒಪ್ಪಿಗೆ ಪಡೆಯಬೇಕಿಲ್ಲ. ಅಲ್ಲಿನ 25 ಬಗೆಯ ಮೆಲಟೋನಿನ್ ಗಮ್ಮಿಗಳನ್ನು ಪರೀಕ್ಷಿಸಿದ 2023ರ ವರದಿಯಲ್ಲಿ 22ರ ಲೇಬಲ್ ಸರಿಯಿರಲಿಲ್ಲ. ಒಂದರಲ್ಲಂತೂ ಮೆಲಟೋನಿನ್ನೇ ಇರಲಿಲ್ಲ. ಸ್ವತಂತ್ರ ಪ್ರಯೋಗಾಲಯದ ಪರೀಕ್ಷೆಯ ಮುದ್ರೆ ಇದ್ದರೆ ಒಳಗಿನ ಪ್ರಮಾಣದ ಬಗ್ಗೆ ಸ್ವಲ್ಪ ಭರವಸೆ, ಪರಿಣಾಮದ ಬಗ್ಗೆ ಅಲ್ಲ.

ಲೇಬಲ್ಲಿನಲ್ಲಿ ಕಾಣದ ಒಂದು ಅಡ್ಡಪರಿಣಾಮವೂ ಇದೆ. ತೈವಾನ್‌ನ ಸಂಶೋಧಕರು ಎಲ್ಲರಿಗೂ ಒಳಗೆ ಏನೂ ಸತ್ವವಿಲ್ಲದ ಸಪ್ಪೆ ಮಾತ್ರೆಯನ್ನೇ ಕೊಟ್ಟು, ಕೆಲವರಿಗೆ ಮಾತ್ರ ಇದು ಮಲ್ಟಿವಿಟಮಿನ್ ಎಂದು ಹೇಳಿದರು. ವಿಟಮಿನ್ ನುಂಗಿದೆವೆಂದು ನಂಬಿದವರು ಕಡಿಮೆ ನಡೆದರು, ಆರೋಗ್ಯಕರ ಊಟದ ಬದಲು ಬಫೆಗೆ ಮನಸ್ಸು ಮಾಡಿದರು. ಬೆಳಗ್ಗೆ ಒಂದು ಮಾತ್ರೆ ನುಂಗಿದ ಮೇಲೆ 'ಇವತ್ತಿನ ಪಾಲಿನದ್ದು ಆಯಿತು' ಎಂಬ ಭಾವ ಬರುತ್ತದಲ್ಲ, ಅದು.

ಆರಿಸುವ ಮುಂಚೆ

ಸುಸ್ತು, ಕೂದಲು ಉದುರುವುದು, ಮೈಕೈ ನೋವು ಇದ್ದರೆ ಡಬ್ಬಿಯಿಂದ ಶುರು ಮಾಡಬೇಡಿ, ಪರೀಕ್ಷೆಯಿಂದ ಶುರು ಮಾಡಿ. ಹಿಮೋಗ್ಲೋಬಿನ್, ಫೆರಿಟಿನ್, ಬಿ12, ಥೈರಾಯ್ಡ್, ಸಕ್ಕರೆ. ಇಷ್ಟರಲ್ಲಿ ಏನಾದರೂ ಸಿಕ್ಕರೆ ಅದೊಂದಕ್ಕೆ ಮಾತ್ರೆ, ಎರಡು ಮೂರು ತಿಂಗಳ ಗಡುವು, ಮರುಪರೀಕ್ಷೆ. ಏನೂ ಸಿಗದಿದ್ದರೆ ನಿದ್ದೆ, ನಡಿಗೆ, ಊಟದ ಹೊತ್ತನ್ನು ಒಂದು ತಿಂಗಳು ಬರೆದಿಟ್ಟು ನೋಡಿ. ಕೊನೆಯ ದಿನಾಂಕವಿಲ್ಲದೆ ಶುರುವಾದ ಸಪ್ಲಿಮೆಂಟು ಸಾಮಾನ್ಯವಾಗಿ ನಿಲ್ಲುವುದೇ ಇಲ್ಲ.

ಗರ್ಭಿಣಿಯರು ರೆಟಿನಾಲ್ ರೂಪದ ವಿಟಮಿನ್ ಎ ಹೆಚ್ಚಿರುವ ಮಾತ್ರೆಗಳಿಂದ ದೂರ ಇರಬೇಕು, ಅದು ಭ್ರೂಣಕ್ಕೆ ಅಪಾಯ. ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವವರಿಗೆ ವಿಟಮಿನ್ ಕೆ ಅದರ ಕೆಲಸವನ್ನೇ ಕೆಡಿಸುತ್ತದೆ. ಥೈರಾಯ್ಡ್ ಮಾತ್ರೆಗೂ ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆಗೂ ನಾಲ್ಕು ಗಂಟೆ ಅಂತರವಿರಲಿ. 'ಯಾವ ಔಷಧಿ ತಗೋತಿದ್ದೀರಿ' ಎಂದು ವೈದ್ಯರು ಕೇಳಿದಾಗ ಸಪ್ಲಿಮೆಂಟುಗಳನ್ನೂ ಹೇಳಿ. ಔಷಧಿಯಲ್ಲ ಎಂದುಕೊಂಡು ಬಿಟ್ಟುಬಿಡುವವರೇ ಹೆಚ್ಚು. ಕೂದಲಿಗೆಂದು ಬಯೋಟಿನ್ ನುಂಗುತ್ತಿರುವವರು ಇದನ್ನು ಮರೆಯಲೇಬಾರದು. ಭಾರೀ ಪ್ರಮಾಣದ ಬಯೋಟಿನ್ ಕೆಲವು ರಕ್ತಪರೀಕ್ಷೆಗಳ ಫಲಿತಾಂಶವನ್ನೇ ತಪ್ಪಾಗಿಸುತ್ತದೆ: ಥೈರಾಯ್ಡ್ ಸರಿಯಿದ್ದರೂ ಕೆಟ್ಟಂತೆ, ಹೃದಯಾಘಾತ ಪತ್ತೆಹಚ್ಚುವ ಟ್ರೋಪೊನಿನ್ ಏರಿದ್ದರೂ ಏರದಂತೆ ತೋರಬಹುದು. ಪರೀಕ್ಷೆಗೆ ಎಷ್ಟು ದಿನ ಮುಂಚೆ ನಿಲ್ಲಿಸಬೇಕೆಂದು ಪ್ರಯೋಗಾಲಯದಲ್ಲೇ ಕೇಳಿ. ತುರ್ತು ಚಿಕಿತ್ಸೆಗೆ ಹೋದಾಗಲಂತೂ ಮೊದಲ ಮಾತಿನಲ್ಲೇ ಹೇಳಿಬಿಡಿ.